ಮೆಣಸಿನ ಸಸಿಗೆ ಬತ್ತಿ ನೀರು: ಯಾವ ಬತ್ತಿ ನಿಂತಿತು, ಯಾವುದು ಕೊಳೆಯಿತು

ಕಾಳುಮೆಣಸಿನ ಸಸಿಗಳಿಗೆ ಕೆಳಗೆ ನಿಂತ ನೀರನ್ನು ಬತ್ತಿಯ ಮೂಲಕ ಮೇಲೇರಿಸಿ ಕೊಡುವ ಕ್ರಮ ನಮ್ಮ ಶಿರಸಿಯ ಸೆಕೆಗಾಲದಲ್ಲಿ ನಡೆಯುವುದಿಲ್ಲ ಎಂದು ನನಗೆ ಹೇಳದವರು ಕಡಿಮೆ. ಕಳೆದ ಬೇಸಿಗೆಯಲ್ಲಿ ಸುಮಾರು ಸಾವಿರ ಕೊಟ್ಟೆಗಳನ್ನು (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಗಳನ್ನು) ಬತ್ತಿಯ ಮೇಲೆಯೇ ಬೆಳೆಸಿದ್ದೇನೆ. ಪ್ರಯೋಗದಲ್ಲಿ ಹಾಳಾದವನ್ನು ಬಿಟ್ಟರೆ ಸತ್ತದ್ದು ನೂರಕ್ಕೆ ಆರೋ ಏಳೋ ಇರಬಹುದು. ಪೈಪು ಹಿಡಿದು ನೀರು ಹೊಡೆಯುತ್ತಿದ್ದ ಕಾಲದಲ್ಲಿ ಕಾಲು ಭಾಗ ಕೈಬಿಟ್ಟರೂ ಅದನ್ನು ಸಹಜವೆಂದೇ ಎಣಿಸುತ್ತಿದ್ದೆವು. ಹಬ್ಬು ಬಳ್ಳಿ ಕತ್ತರಿಸುವುದು, ಗಣ್ಣು ಲೆಕ್ಕ ಹಾಕುವುದು, ಕೊಟ್ಟೆ ತುಂಬುವುದು ಇವೆಲ್ಲ ಓದುವವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ, ನಾನಿಲ್ಲಿ ಬರೆಯುತ್ತಿರುವುದು ಬತ್ತಿಯೊಂದರ ಬಗ್ಗೆ ಮಾತ್ರ. ಈ ಕ್ರಮದಲ್ಲಿ ಸೋತವರೆಲ್ಲ ಸೋತದ್ದು ಬತ್ತಿಯ ವಸ್ತುವಿನಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ವ್ಯವಸ್ಥೆ ಸರಳವಾದದ್ದು. ನೆಲವನ್ನು ನಾಲ್ಕೈದು ಇಂಚು ತಗ್ಗು ಮಾಡಿ ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್ ಹಾಳೆ) ಹಾಸಿ ನೀರು ನಿಲ್ಲಿಸಿದ್ದೇನೆ, ಇದೇ ತೊಟ್ಟಿ. ಅದರ ಮೇಲೆ ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟ, ಅಟ್ಟದ ಮೇಲೆ ಕೊಟ್ಟೆಗಳು, ಕೊಟ್ಟೆಯ ತಳದ ತೂತಿನಿಂದ ಕೆಳಗಿಳಿದು ನೀರು ಮುಟ್ಟುವ ಬತ್ತಿ. ದಬ್ಬೆ ಮನೆಯದೇ ಆದ್ದರಿಂದ ಕೈಯಿಂದ ಹೋದದ್ದು ಸಿಲ್ಪಾಲಿನ್ನಿನ ಹಣ ಮತ್ತು ಒಂದೆರಡು ಆಳಿನ ಕೂಲಿ ಮಾತ್ರ, ಎಲ್ಲ ಸೇರಿ ಮೂರೂವರೆ ಸಾವಿರದ ಆಸುಪಾಸು.

ಮೊದಲು ಹಾಕಿದ್ದು ಹತ್ತಿ. ಪೂಜಾ ಸಾಮಗ್ರಿಯ ಅಂಗಡಿಯಿಂದ ತಂದ ದೀಪದ ಬತ್ತಿಗಳನ್ನು ಜೋಡಿಸಿ ಹೊಸೆದು ಇಳಿಬಿಟ್ಟಾಗ ಅವು ನೀರಿನ ಮೇಲೆ ತೇಲಿದವೇ ಹೊರತು ನೀರು ಕುಡಿಯಲಿಲ್ಲ, ಏಕೆಂದರೆ ಹಸಿ ಹತ್ತಿಯ ಎಳೆಗೆ ಸ್ವಾಭಾವಿಕವಾದ ಮೇಣದ ಲೇಪವಿರುತ್ತದೆ. ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿದ ಮೇಲೆ ಅದೇ ಬತ್ತಿ ಅರಿಸಿನದ ನೀರನ್ನು ಕಣ್ಣೆದುರೇ ಮೇಲೆಳೆಯಿತು. ಸೀಮೆಎಣ್ಣೆ ಸ್ಟೌವಿನ ನೇಯ್ದ ಬತ್ತಿಯೂ ಇಷ್ಟೇ ಚೆನ್ನಾಗಿ ಎಳೆಯುತ್ತದೆ, ಆದರೆ ಒಂದೊಂದು ಕೊಟ್ಟೆಗೆ ನಾಲ್ಕೈದು ರೂಪಾಯಿಯ ಬತ್ತಿ ಹಾಕಿ ಇಪ್ಪತ್ತು ರೂಪಾಯಿಗೆ ಸಸಿ ಮಾರಿದರೆ ಉಳಿಯುವುದೇನು? ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿತ್ತು. ಮೂರನೆಯ ವಾರದ ಹೊತ್ತಿಗೆ ಕೊಟ್ಟೆಯೊಳಗಿನ ಹತ್ತಿ ಲೋಳೆಯಾಗಿ, ಐದನೆಯ ವಾರಕ್ಕೆ ಎಳೆದರೆ ಕೈಗೆ ಕಿತ್ತುಬರುವಂತಾಯಿತು. ಹಟ್ಟಿಗೊಬ್ಬರ ಬೆರೆತ ಒದ್ದೆ ಮಣ್ಣಿನಲ್ಲಿ ಹತ್ತಿ ಎಂಬುದು ಶಿಲೀಂಧ್ರಗಳ ಆಹಾರವೇ ತಾನೆ. ಗೋಣಿಯ ಸುತಳಿಗೂ ಅದೇ ಗತಿಯಾಯಿತು, ಸ್ವಲ್ಪ ತಡವಾಗಿ. ತೆಂಗಿನ ಕತ್ತದ ಹಗ್ಗ ಅಷ್ಟು ಬೇಗ ಕೊಳೆಯುವುದಿಲ್ಲ, ಆದರೆ ನೀರನ್ನು ಎರಡು ಇಂಚು ಏರಿಸುವುದಕ್ಕೂ ಅದಕ್ಕೆ ಮನಸ್ಸಿಲ್ಲ. ಬಾಳೆಯ ನಾರಿನ ಮೇಲೆ ನನಗೆ ತುಂಬ ಆಸೆಯಿತ್ತು. ತೋಟದಲ್ಲಿಯೇ ಸಿಗುತ್ತದೆ, ಖರ್ಚಿಲ್ಲ. ಅದು ಚೆನ್ನಾಗಿಯೇ ಎಳೆಯಿತು, ಆದರೆ ಎರಡು ವಾರಗಳಲ್ಲಿ ಕೊಳೆತು ನಾರಲು ತೊಡಗಿತು.

ಹತ್ತಿಯನ್ನು ಉಳಿಸಿಕೊಳ್ಳಲು ಒಂದು ಅಡ್ಡದಾರಿಯನ್ನೂ ಹಿಡಿದು ನೋಡಿದೆ. ಅಡಿಕೆಯ ಕೊಳೆರೋಗದ ಔಷಧಿಗೆಂದು ಮೈಲುತುತ್ತ (ತಾಮ್ರದ ಸಲ್ಫೇಟು) ಹೇಗೂ ಮನೆಯಲ್ಲಿರುತ್ತದೆ. ಅದಕ್ಕೆ ಸುಣ್ಣ ಸೇರಿಸಿ ಮಾಡುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ ಬತ್ತಿಗಳನ್ನು ರಾತ್ರಿಯಿಡೀ ನೆನೆಸಿ ಒಣಗಿಸಿ ಹಾಕಿದೆ. ಬತ್ತಿಯ ಆಯುಷ್ಯ ಹೆಚ್ಚುಕಡಿಮೆ ಎರಡು ಪಟ್ಟಾಯಿತು ನಿಜ, ಆದರೆ ಬತ್ತಿಯ ಸುತ್ತಲಿನ ಎಳೆಯ ಬೇರುಗಳ ತುದಿ ಕಂದಾಗಿ ನಿಂತವು, ಸಸಿಯ ಚಿಗುರು ಹಳದಿಗೆ ತಿರುಗಿತು. ಸೊರಗು ರೋಗಕ್ಕೆಂದು ಮಣ್ಣಿಗೆ ದುಡ್ಡು ಕೊಟ್ಟು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ, ಅದೇ ಮಣ್ಣಿಗೆ ಶಿಲೀಂಧ್ರ ಕೊಲ್ಲುವ ತಾಮ್ರವನ್ನೂ ಇಳಿಸುವುದು ಎಂದರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ಆ ಪಂಕ್ತಿಯ ನೂರೈವತ್ತು ಕೊಟ್ಟೆಗಳಲ್ಲಿ ಅರ್ಧದಷ್ಟು ಹೋದವು. ಮಾರಿದ್ದರೆ ಸಾವಿರದೈನೂರು ರೂಪಾಯಿ ಬರುತ್ತಿತ್ತು.

ಆಮೇಲೆ ಗಾಜಿನ ನಾರಿನ ಹಗ್ಗ. ಕುಲುಮೆ, ಬಾಯ್ಲರುಗಳ ಬಾಗಿಲಿಗೆ ಸುತ್ತುವ ಈ ಹಗ್ಗವನ್ನು ಹುಬ್ಬಳ್ಳಿಯಿಂದ ತರಿಸಿದೆ. ಕೊಳೆಯುವ ಚಿಂತೆಯಿಂದಲೇ ನಾನು ಹತ್ತಿಯಿಂದ ಗಾಜಿಗೆ ಬಂದೆ. ನೀರು ಎಳೆಯುವುದರಲ್ಲಿ ಗಾಜಿನ ಹಗ್ಗಕ್ಕೆ ಸರಿಸಾಟಿಯಿಲ್ಲ, ಕೊಳೆಯುವ ಮಾತೇ ಇಲ್ಲ. ಆದರೆ ಕತ್ತರಿಸಿದ ತುದಿ ಬಿಚ್ಚಿಕೊಂಡು ಅದರ ಚೂರುಗಳು ಕೈಗೆ ಚುಚ್ಚುತ್ತವೆ. ಕೊಟ್ಟೆ ತುಂಬಲು ಬಂದ ಹೆಂಗಸರು ಮುಂಗೈ ಕೆರೆದುಕೊಂಡು ಮರುದಿನ ಕೆಲಸಕ್ಕೇ ಬರಲಿಲ್ಲ. ಸಸಿಯನ್ನು ಕೊಂಡವರ ತೋಟದಲ್ಲಿ ಆ ಗಾಜು ಉಳಿದುಹೋಗುವುದೂ ನನಗೆ ಸರಿ ಕಾಣಲಿಲ್ಲ.

ಕೊನೆಗೆ ಗೆದ್ದದ್ದು ಬಾಗಿಲ ತೋರಣ ಹೆಣೆಯಲು ಬಳಸುವ ಉಲ್ಲನ್ ದಾರ. ಹೆಸರು ಉಲ್ಲನ್ ಎಂದಿದ್ದರೂ ಅಗ್ಗದ ಲಡಿಗಳೆಲ್ಲ ಅಕ್ರಿಲಿಕ್. ಒಂದು ಎಳೆಗೆ ಬೆಂಕಿ ತೋರಿಸಿದರೆ ಕರಗಿ ಕರಿಯ ಗಟ್ಟಿ ಮಣಿಯಾಗುತ್ತದೆ, ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ಅಕ್ರಿಲಿಕ್ ಎಳೆ ತಾನು ನೀರು ಹೀರುವುದಿಲ್ಲ, ಎಳೆಎಳೆಗಳ ನಡುವಿನ ಸಂದಿಯಲ್ಲಿ ನೀರು ಏರುತ್ತದೆ, ಆದ್ದರಿಂದ ಕೊಳೆಯಲು ಅಲ್ಲಿ ಏನೂ ಇಲ್ಲ. "ಭಾವ, ತೋರಣದ ದಾರವ ಬಳ್ಳಿಗೆ ಹಾಕ್ತ್ಯನ?" ಎಂದು ನಕ್ಕವರೇ ಮಳೆಗಾಲದ ಆರಂಭದಲ್ಲಿ ನನ್ನಲ್ಲಿಂದ ಇನ್ನೂರು ಸಸಿ ಒಯ್ದಿದ್ದಾರೆ, ಅದೂ ರೊಕ್ಕ ಕೊಟ್ಟು.

ಹೊಸ ದಾರಕ್ಕೆ ಕಾರ್ಖಾನೆಯ ಎಣ್ಣೆ ಇರುತ್ತದೆ. ಅಂಟುವಾಳ ಕಾಯಿಯ ಬಿಸಿನೀರಿನಲ್ಲಿ ತೊಳೆಯದಿದ್ದರೆ ಅದೂ ತೇಲುತ್ತದೆ. ಅದಾದ ಮೇಲೆ ನಾನು ಇನ್ನೊಂದು ನೀರಿನಲ್ಲಿ ಅದ್ದುವುದುಂಟು. ಅದು ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ. ಆರು ಎಳೆ ಸೇರಿಸಿ ಹೊಸೆಯಬೇಕು. ಬಿಗಿಯಾಗಿ ಹೊಸೆದರೆ ಸಂದಿ ಮುಚ್ಚಿ ನೀರು ನಿಲ್ಲುತ್ತದೆ, ತೀರ ಸಡಿಲ ಬಿಟ್ಟರೆ ಎತ್ತರಕ್ಕೆ ಏರುವುದಿಲ್ಲ. ಎಷ್ಟು ತಿರುವು ಎಂಬುದು ಕೈಗೆ ಗೊತ್ತಾಗುವ ವಿಷಯ. ಎತ್ತರದಲ್ಲಿಟ್ಟ ಲೋಟದಿಂದ ಬತ್ತಿಯನ್ನು ಅಂಚು ದಾಟಿಸಿ ಕೆಳಗಿನ ಖಾಲಿ ಲೋಟಕ್ಕೆ ಇಳಿಬಿಟ್ಟು ರಾತ್ರಿ ಬಿಟ್ಟರೆ ಬೆಳಗ್ಗೆ ಅಳತೆ ಸಿಗುತ್ತದೆ. ನನ್ನ ಆರೆಳೆ ಬತ್ತಿ 40-50 ಮಿಲಿಲೀಟರು ದಾಟಿಸುತ್ತಿತ್ತು, ಶೇಡ್ ನೆಟ್ಟಿನ ಕೆಳಗಿನ ಎಳೆಯ ಸಸಿಗೆ ಅಷ್ಟು ಧಾರಾಳ. ಇಪ್ಪತ್ತೈದು ಮೂವತ್ತು ರೂಪಾಯಿಯ ಒಂದು ಲಡಿಯಲ್ಲಿ ಐವತ್ತಕ್ಕೂ ಹೆಚ್ಚು ಬತ್ತಿ ಬರುವುದರಿಂದ ಕೊಟ್ಟೆಯೊಂದಕ್ಕೆ ಬೀಳುವುದು ಅರ್ಧ ರೂಪಾಯಿ.

ಬತ್ತಿಯ ಮೇಲ್ತುದಿಯ ಎಳೆಗಳನ್ನು ಬಿಡಿಸಿ ಕೊಟ್ಟೆಯ ತಳದಲ್ಲಿ ಹರಡಿ ಮಣ್ಣು ತುಂಬಬೇಕು, ಗಂಟು ಹಾಕಬಾರದು. ಮೊದಲ ಬಾರಿ ಮೇಲಿನಿಂದ ನೀರು ಹಾಕಿ ಮಣ್ಣು ಮತ್ತು ಬತ್ತಿ ಎರಡನ್ನೂ ಒದ್ದೆ ಮಾಡದಿದ್ದರೆ ಬತ್ತಿ ಎಂದಿಗೂ ಕೆಲಸ ಶುರುಮಾಡುವುದಿಲ್ಲ. ನಡುವೆ ತೊಟ್ಟಿಯ ನೀರು ಖಾಲಿಯಾಗಿ ಮೇಲೆ ಒಣಗಿದರೂ ಮತ್ತೆ ಹಾಗೆಯೇ ಮಾಡಬೇಕು. ಬರೀ ಕೆಂಪು ಜೇಡಿಯಿರುವ ಮಣ್ಣು ನೀರನ್ನು ಬಹಳ ಹಿಡಿದಿಡುತ್ತದೆ, ಬರೀ ದೊರಗು ಮರಳು ಮೇಲಕ್ಕೆ ಎಳೆಯುವುದೇ ಇಲ್ಲ. ನಾನು ತೆಂಗಿನ ನಾರಿನ ಪುಡಿಯನ್ನು ಮೂರನೇ ಒಂದು ಪಾಲು ಸೇರಿಸುತ್ತೇನೆ. ನೀರಿನ ಮಟ್ಟ ಕೊಟ್ಟೆಯ ತಳಕ್ಕಿಂತ ಎರಡು ಮೂರು ಇಂಚು ಕೆಳಗಿರಲಿ. ಬೇರು ಬಿಡುವ ಮೊದಲಿನ ತಿಂಗಳಲ್ಲಿ ಬತ್ತಿಯೊಂದೇ ಸಾಲದು, ಎಲೆಯ ಮೇಲೆ ದಿನಕ್ಕೆ ಎರಡು ಮೂರು ಬಾರಿ ಹನಿ ಸಿಂಪಡಿಸುವುದನ್ನು ನಾನೂ ಬಿಟ್ಟಿಲ್ಲ.

ಬಿಸಿಲು ಬಿದ್ದ ಕಡೆ ಬತ್ತಿಯ ಮೇಲೆ ಪಾಚಿ ಹಿಡಿಯುವುದರಿಂದ ಅಟ್ಟದ ಸುತ್ತ ಕಪ್ಪು ಮಲ್ಚಿಂಗ್ ಹಾಳೆ ಇಳಿಬಿಟ್ಟಿದ್ದೇನೆ. ಸೊಳ್ಳೆಗೆಂದು ತೊಟ್ಟಿಯಲ್ಲಿ ಗಪ್ಪಿ ಮೀನುಗಳಿವೆ. ತೊಟ್ಟಿಯ ನೀರಿಗೇ 19:19:19 ರಸಗೊಬ್ಬರ ಕರಗಿಸಿ ಕೊಡುವ ಪ್ರಯೋಗ ಮಾತ್ರ ಫಲಿಸಲಿಲ್ಲ: ಗಾಳಿಗೆ ತೆರೆದಿರುವ ಎರಡು ಇಂಚಿನಲ್ಲಿ ನೀರು ಆವಿಯಾಗಿ, ಬತ್ತಿಯ ಮೇಲೆ ಉಪ್ಪು ಬಿಳಿಯಾಗಿ ಹರಳುಗಟ್ಟಿ, ಎಳೆತ ಅರ್ಧಕ್ಕಿಳಿಯಿತು. ಈಗ ಗೊಬ್ಬರವನ್ನು ಮೇಲಿನಿಂದಲೇ ತೆಳುವಾಗಿ ಕೊಡುತ್ತೇನೆ. ಕುಮಟೆಯ ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಪಕ್ಕದಲ್ಲಿ ಇದೇ ಕ್ರಮವನ್ನು ಮಾಡಿದ ನಮ್ಮ ಸಂಬಂಧಿಕರಿಗೆ ಮೇ ತಿಂಗಳಲ್ಲಿ ಬಾವಿಯ ನೀರು ಸವಳಾಗಿ, ಗೊಬ್ಬರ ಹಾಕದೆಯೂ ಬತ್ತಿ ಬೆಳ್ಳಗಾಯಿತು. ಕರಾವಳಿಯವರು ಹದಿನೈದು ದಿನಕ್ಕೊಮ್ಮೆ ಸಿಹಿನೀರನ್ನು ಮೇಲಿನಿಂದ ಧಾರಾಳವಾಗಿ ಹಾಕಿ ಬತ್ತಿಯ ಉಪ್ಪನ್ನು ತೊಳೆಯಬೇಕಾಗುತ್ತದೆ, ಆ ತೊಳೆದ ನೀರು ಮತ್ತೆ ತೊಟ್ಟಿಗೇ ಬೀಳುವುದರಿಂದ ತೊಟ್ಟಿಯನ್ನೂ ಅದೇ ದಿನ ಖಾಲಿ ಮಾಡಬೇಕು.