ಅಪ್ಪನ ವಿಳಾಸದ ಡೈರಿ ಮತ್ತು ಸೆಡ್

ತಂಗಿ ಮದುವೆ ಗೊತ್ತಾದ ವಾರವೇ ಅಪ್ಪ ಹಳೇ ವಿಳಾಸದ ಡೈರಿ ಹೊರಗೆ ತೆಗೆದರು. ಅದನ್ನು ಚಿಕ್ಕಪ್ಪನ ಮಗ ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ. ಸಾಲಿಗೊಂದು ವಿಳಾಸ, ಸಾವಿರಕ್ಕೂ ಜಾಸ್ತಿ ಸಾಲು. ತೊಂದರೆ ಏನಪ್ಪಾ ಅಂದ್ರೆ ಡೈರಿ 1997ಕ್ಕಿಂತ ಹಿಂದಿನದು, ಆಗ ದಾವಣಗೆರೆ ಜಿಲ್ಲೆ ಅಂತಲೇ ಇರಲಿಲ್ಲ. ದಾವಣಗೆರೆ, ಹರಿಹರ, ಜಗಳೂರು ಮೂರಕ್ಕೂ ‘ಚಿತ್ರದುರ್ಗ ಜಿ.’ ಅಂತಲೇ ಬರೆದಿತ್ತು. ಹಾಗಂತ ಎಲ್ಲವನ್ನೂ ಬದಲಿಸೋ ಹಾಗಿಲ್ಲ, ಹೊಸದುರ್ಗ, ಹೊಳಲ್ಕೆರೆಯವರು ಈಗಲೂ ಚಿತ್ರದುರ್ಗದವರೇ ಅಲ್ವಾ.

ಟರ್ಮಿನಲ್ (ಕಂಪ್ಯೂಟರಿಗೆ ಆದೇಶ ಟೈಪ್ ಮಾಡೋ ಕಿಟಕಿ) ತೆಗೆದು ಸೆಡ್ ಹಿಡಿದೆ. ಫೈಲಿನ ಪ್ರತಿ ಸಾಲಲ್ಲೂ ಒಂದು ನಮೂನೆ ಹುಡುಕಿ ಬದಲಿಸೋ ಪುಟ್ಟ ಸಾಧನ ಇದು. ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮೆಕ್‌ಮಹನ್ 1973-74ರಲ್ಲಿ ಬರೆದದ್ದು, ಅಪ್ಪನ ಡೈರಿಗಿಂತ ಹಳೇದು. ಮೊದಲು ಹುಡುಕಿದ್ದು ಹೀಗೆ:

(ದಾವಣಗೆರೆ|ಹರಿಹರ|ಜಗಳೂರು)(.*)ಚಿತ್ರದುರ್ಗ ಜಿ\.

ಅದರ ಜಾಗಕ್ಕೆ ಹಾಕಿದ್ದು:

\1\2ದಾವಣಗೆರೆ ಜಿ.

ಕಂಸದೊಳಗೆ ಸಿಕ್ಕಿದ್ದನ್ನು \1, \2 ಅಂತ ವಾಪಸ್ ಕರೆಯಬಹುದು. ನಿಂತ ಗೆರೆ | ಅಂದರೆ ‘ಅಥವಾ’, .* ಅಂದರೆ ನಡುವೆ ಏನು ಬೇಕಾದರೂ, \. ಅಂದರೆ ನಿಜವಾದ ಚುಕ್ಕಿ. ಕಂಸ ಮತ್ತು ನಿಂತ ಗೆರೆ ಹೀಗೆ ನೇರವಾಗಿ ನಡೆಯಬೇಕಾದರೆ ಸೆಡ್‌ಗೆ ದೊಡ್ಡ ‘ಇ’ (-E) ಆಯ್ಕೆ ಕೊಡಬೇಕು. ನಾನು ಜೊತೆಗೆ ಚಿಕ್ಕ ‘ಐ’ (-i) ಕೂಡ ಕೊಟ್ಟೆ, ಅಂದರೆ ಫೈಲೇ ನೇರ ಬದಲಾಗುತ್ತೆ, ನಕಲು ಉಳಿಯಲ್ಲ. ಬುದ್ಧಿಗೇಡಿತನ.

ಪ್ರಿಂಟ್ ನೋಡಿದ ಅಪ್ಪ, ‘ಏನಪಾ, ಹೊಸದುರ್ಗನ ಯಾವಾಗ ದಾವಣಗೆರೆಗೆ ಸೇರಿಸಿದ್ರು?’ ಅಂದರು.

ನೋಡಿದರೆ ಹೊಸದುರ್ಗದ ಕಡೆ ಹರಿಹರಪ್ಪ ಅಂತ ಹೆಸರಿದ್ದವರೆಲ್ಲ ಜಿಲ್ಲೆ ಬದಲಿಸಿದ್ದರು! ಹೆಸರಿನ ‘ಹರಿಹರ’ ಹಿಡಿದುಕೊಂಡು, ನಡುವೆ ಏನಿದ್ದರೂ .* ನುಂಗಿ, ಕೊನೆಯ ಚಿತ್ರದುರ್ಗದವರೆಗೆ ಹೋಗಿತ್ತು. ಚಿತ್ರದುರ್ಗ ಊರಲ್ಲೇ ಇದ್ದು ವಿಳಾಸದಲ್ಲಿ ‘ದಾವಣಗೆರೆ ರಸ್ತೆ’ ಇದ್ದವರ ಕಥೆಯೂ ಅದೇ. ಪುಣ್ಯಕ್ಕೆ ವಾಟ್ಸಾಪ್‌ನಲ್ಲಿ ಮೂಲ ಫೈಲ್ ಇತ್ತು.

ಎರಡನೇ ಸಲ ತಾಲ್ಲೂಕನ್ನು ಜಿಲ್ಲೆಗೆ ಅಂಟಿಸಿದೆ, ನಡುವೆ ಬೇರೇನೂ ಬರದ ಹಾಗೆ:

(ದಾವಣಗ.ರ.|ಹರಿಹರ|ಜಗಳೂರು) ತಾ\., ಚಿತ್ರದುರ್ಗ ಜಿ\.

ಈ ‘ದಾವಣಗ.ರ.’ ಏನು ಅಂದ್ರೆ, ಡೈರಿಯಲ್ಲಿ ಕೆಲವು ಕಡೆ ದಾವಣಗೆರೆ, ಕೆಲವು ಕಡೆ ದಾವಣಗೇರಿ. ನಮ್ಮ ಕಣ್ಣಿಗೆ ‘ಗೆ’ ಒಂದೇ ಅಕ್ಷರ, ಕಂಪ್ಯೂಟರಿಗೆ ‘ಗ’ ಬೇರೆ, ಎತ್ವ ಬೇರೆ. ದಾವಣಗೆರೆ ನಮಗೆ ಐದಕ್ಷರ, ಅದಕ್ಕೆ ಎಂಟು. ಬರೀ ಚುಕ್ಕಿ ಅಂದರೆ ಯಾವುದಾದರೂ ಒಂದು ಚಿಹ್ನೆ. ಹಾಗಾಗಿ ಸ್ವರಚಿಹ್ನೆಯ ಜಾಗದಲ್ಲಿ ಚುಕ್ಕಿ ಇಟ್ಟರೆ ಎರಡೂ ಸಿಗುತ್ತವೆ. ಟರ್ಮಿನಲ್ ಭಾಷೆ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಲ್ಲಿ ಬರೆಯೋ ಪದ್ಧತಿ) ಇರಬೇಕು ಅಷ್ಟೇ. ಇಲ್ಲದಿದ್ದರೆ ಚುಕ್ಕಿಗೆ ಒಂದೇ ಬೈಟ್ ಸಿಗುತ್ತೆ, ಕನ್ನಡದ ಪ್ರತಿ ಚಿಹ್ನೆಗೆ ಬೇಕಿರೋದು ಮೂರು.

ಈ ಸಲ ಬದಲಿಸೋ ಮೊದಲು ಅದೇ ನಮೂನೆಯನ್ನು, ಸಿಕ್ಕ ಸಾಲುಗಳನ್ನು ಬರೀ ತೋರಿಸೋ ಗ್ರೆಪ್‌ಗೆ ಕೊಟ್ಟು, ಸಿಕ್ಕ ಸಾಲುಗಳನ್ನು ಅಪ್ಪನ ಮುಂದೆ ಜೋರಾಗಿ ಓದಿದೆ. ಅವರು ಮಂಡಕ್ಕಿ ತಿನ್ನುತ್ತಾ ಹೂಂ ಅನ್ನುತ್ತಿದ್ದರು, ನಡುನಡುವೆ ‘ಅವರು ತೀರಿಕೊಂಡ್ರು, ತೆಗಿ’ ಅಂತ ಬೇರೆ.

ಹರಪನಹಳ್ಳಿ ಒಂದು ಉಳಿಯಿತು. ಡೈರಿಯಲ್ಲಿ ಬಳ್ಳಾರಿ, ಯಾರೋ ಆಮೇಲೆ ಕೆಲವನ್ನು ದಾವಣಗೆರೆ ಅಂತ ತಿದ್ದಿದ್ದರು. 2021ರಿಂದ ಜಿಲ್ಲೆ ವಿಜಯನಗರ. ಹಳೇದು ಏನೇ ಇರಲಿ ಅಂತ ‘ಹರಪನಹಳ್ಳಿ ತಾ\., [^,]* ಜಿ\.’ ಹುಡುಕಿದೆ. [^,]* ಅಂದರೆ ಅಲ್ಪವಿರಾಮ ಬರುವವರೆಗೆ ಏನಾದರೂ ಸರಿ, ಅದನ್ನು ದಾಟಲ್ಲ.

ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಅಪ್ಪ ಪಟ್ಟಿ ಮಡಚಿಟ್ಟು, ‘ಪಿನ್ ಕೋಡ್ ಸರಿ ಇದ್ರೆ ಪತ್ರ ಹೋಗುತ್ತೆ ಬಿಡು, ಜಿಲ್ಲೆ ಯಾರು ನೋಡ್ತಾರೆ’ ಅಂದರು.