ವಿಳಂಬಿ ಸಂವತ್ಸರದ ಪಾಲುಪತ್ರ: ಹಳೇ ಮೈಸೂರಿನ ದಾಖಲೆಗಳಲ್ಲಿ ನಮ್ಮ ಮನೆತನವನ್ನು ಹುಡುಕಿದ ಅನುಭವ

ನಮ್ಮ ಮನೆತನದ ಹಿಂದಿನವರನ್ನು ಹುಡುಕಲು ಹೊರಟಾಗ ನನ್ನ ಕೈಯಲ್ಲಿದ್ದದ್ದು ಅಜ್ಜನ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಒಂದು ಪಾಲುಪಾರೀಕತ್ತು, ಅಂದರೆ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಪತ್ರ, ಮಾತ್ರ. ಅದರ ಮೊದಲ ಸಾಲಿನಲ್ಲಿ 'ವಿಳಂಬಿ ಸಂವತ್ಸರದ ಪುಷ್ಯ ಶುದ್ಧ' ಎಂದಿತ್ತೇ ಹೊರತು ಶಕ ವರ್ಷವನ್ನಾಗಲಿ ಇಸವಿಯನ್ನಾಗಲಿ ಬರೆದಿರಲಿಲ್ಲ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಆ ವಿಳಂಬಿಯು 1838ರದ್ದೂ ಆಗಬಹುದಿತ್ತು, 1898ರದ್ದೂ ಆಗಬಹುದಿತ್ತು. ಕಾಗದ ಅಷ್ಟು ಜೀರ್ಣವಾಗಿದ್ದುದರಿಂದಲೋ, ಮನೆತನ ಹಳೆಯದೆಂದು ಹೇಳಿಕೊಳ್ಳುವ ಆಸೆಯಿಂದಲೋ, ನಾನು 1838ನ್ನೇ ಹಿಡಿದೆ. ಆ ಒಂದು ತಪ್ಪಿನಿಂದ ಸುಮಾರು ಒಂದು ವರ್ಷ ಕಾಲ ನನ್ನ ವಂಶವೃಕ್ಷದಲ್ಲಿ ಇಲ್ಲದ ಎರಡು ತಲೆಮಾರುಗಳು ಸೇರಿಕೊಂಡಿದ್ದವು.

ತಪ್ಪನ್ನು ತೋರಿಸಿಕೊಟ್ಟದ್ದು ಅದೇ ಪತ್ರದ ಕೊನೆಯ ಭಾಗ. ಜಮೀನಿನ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳನ್ನು, ವಿವರಿಸುವಲ್ಲಿ ಬರೆದವರು ಹೊಲದ ಹೆಸರಿನ ಜೊತೆಗೆ ಸರ್ವೆ ನಂಬರನ್ನೂ ಕೊಟ್ಟಿದ್ದರು. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಮೋಜಣಿ (ಭೂಮಿಯ ಸರ್ವೆ) ಆರಂಭವಾದದ್ದೇ 1863ರಲ್ಲಿ. ಆದ್ದರಿಂದ 1838ರ ಪತ್ರದಲ್ಲಿ ಸರ್ವೆ ನಂಬರು ಇರುವುದು ಸಾಧ್ಯವಿರಲಿಲ್ಲ. ಪುಷ್ಯ ಮಾಸವು ಸಂವತ್ಸರದ ಹತ್ತನೆಯ ತಿಂಗಳಾದುದರಿಂದ ಪತ್ರವಾದದ್ದು 1898ರಲ್ಲೂ ಅಲ್ಲ, 1899ರ ಜನವರಿಯಲ್ಲಿ. ಉಗಾದಿಯಿಂದ ಉಗಾದಿಗೆ ನಡೆಯುವ ವರ್ಷವನ್ನು ಇಸವಿಗೆ ಹೊಂದಿಸುವಾಗ ಕೊನೆಯ ಮೂರು ತಿಂಗಳ ಈ ವ್ಯತ್ಯಾಸವನ್ನು ಮರೆಯುವುದು ಬಹಳ ಸುಲಭ.

ಇಸವಿ ಸರಿಹೋದ ಮೇಲೆ ಅಜ್ಜಿಯ ಮಾತೊಂದು ತಾನಾಗಿ ಜಾಗಕ್ಕೆ ಬಂದು ಕೂತಿತು. 'ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ, ಆಮೇಲೆ ಮನೆ ಪಾಲಾಯಿತಂತೆ' ಎಂದು ಆಕೆ ಹೇಳುತ್ತಿದ್ದರು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ. ಮನೆಯ ಹಿರಿಯರು ಇಸವಿಗಳನ್ನು ನೆನಪಿಡುವುದಿಲ್ಲ. ಪ್ಲೇಗು, 1918ರ ಇನ್‌ಫ್ಲುಯೆಂಜಾ, 1876ರಿಂದ ಎರಡು ವರ್ಷ ಕಾಡಿದ ಧಾತು–ಈಶ್ವರ ಸಂವತ್ಸರಗಳ ಬರ, ಇವುಗಳ ಹಿಂದೆ ಮುಂದೆ ಎಂದು ನೆನಪಿಡುತ್ತಾರೆ. ಮೊದಮೊದಲು ಇಂಥ ಮಾತುಗಳನ್ನು ಕಥೆಯೆಂದು ಬದಿಗಿಟ್ಟಿದ್ದ ನಾನು, ನಂತರ ಪ್ರತಿಯೊಬ್ಬ ಹಿರಿಯರನ್ನೂ 'ಯಾವ ವರ್ಷ' ಎಂದು ಕೇಳುವುದನ್ನು ಬಿಟ್ಟು 'ಬರಕ್ಕೆ ಮುಂಚೆಯೋ ಆಮೇಲೋ' ಎಂದು ಕೇಳತೊಡಗಿದೆ.

ಇನ್ನೂ ಹಿಂದಕ್ಕೆ ಹೋಗಲು ಊರಿನ ಕಂದಾಯದ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಲೆಕ್ಕಗಳೇ ಬೇಕಾಗುತ್ತವೆ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವಾದರೂ ಕೆಲವು ಮನೆಗಳಲ್ಲಿ ಹಳೆಯ ಕಡತಗಳು ಉಳಿದಿವೆ. ಹುಣಿಸೆ ಬೀಜದ ಅಂಟು ಮತ್ತು ಇದ್ದಲಿನ ಪುಡಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆದ ಪುಸ್ತಕವೇ ಕಡತ. ಕೈ ತಾಗಿದರೆ ಬರಹ ಮಾಸುತ್ತದೆಯಾದ್ದರಿಂದ ನಾನು ಮುಟ್ಟುವ ಮೊದಲೇ ಓರೆ ಬೆಳಕಿನಲ್ಲಿ ಫೋಟೋ ತೆಗೆದುಕೊಂಡೆ. ಅಕ್ಷರಗಳನ್ನು ಕೂಡಿಸಿ ವೇಗವಾಗಿ ಬರೆಯುವ ಮೋಡಿ ಬರಹವನ್ನು ಓದಲು ಆರು ತಿಂಗಳು ಹಿಡಿಯಿತು. ಕನ್ನಡದ ಅಂಕಿಗಳೂ ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹವೆಂಬ ಹಳೆಯ ನಾಣ್ಯಗಳ ಲೆಕ್ಕವೂ ಅಭ್ಯಾಸವಾದ ಮೇಲೆ ಹೆಸರುಗಳು ಒಂದೊಂದಾಗಿ ಬಿಡಿಸಿಕೊಂಡವು.

ಅಲ್ಲಿ ನಾನು ಕಲಿತದ್ದೇನೆಂದರೆ, ಈ ಲೆಕ್ಕಗಳನ್ನು ಬರೆದವರಿಗೆ ಬೇಕಾಗಿದ್ದದ್ದು ಕಂದಾಯವೇ ಹೊರತು ಕುಟುಂಬವಲ್ಲ. ಕಂದಾಯ ಕಟ್ಟುವವನ ಹೆಸರು, ಅದರ ಮುಂದೆ 'ಬಿನ್' ಎಂದು ಅವನ ತಂದೆಯ ಹೆಸರು, ಅಷ್ಟೇ. ತಮ್ಮಂದಿರು ಪಾಲಾಗುವವರೆಗೆ ಕಾಣಿಸುವುದಿಲ್ಲ. ಹೆಂಗಸರು ವಿಧವೆಯಾಗಿ ಖಾತೆ ತಮ್ಮ ಹೆಸರಿಗೆ ಬಂದಾಗ ಮಾತ್ರ 'ಕೋಂ' (ಇಂಥವರ ಹೆಂಡತಿ) ಎಂಬ ಪದದೊಂದಿಗೆ ಪ್ರವೇಶಿಸುತ್ತಾರೆ. ಹೀಗಾಗಿ ನಮ್ಮವರ ಹೆಸರನ್ನಷ್ಟೇ ಹುಡುಕುವುದಕ್ಕಿಂತ ಚಕ್ಕುಬಂದಿಯಲ್ಲಿ ಬರುವ ಪಕ್ಕದ ಹೊಲದವರ ಹೆಸರುಗಳನ್ನು ಬೆನ್ನಟ್ಟುವುದು ನನಗೆ ಹೆಚ್ಚು ಫಲ ಕೊಟ್ಟಿತು. ಒಂದು ಕಾಲದಲ್ಲಿ ಒಂದೇ ಹೊಲವಾಗಿದ್ದುದನ್ನು ಹಂಚಿಕೊಂಡ ದಾಯಾದಿಗಳೇ ಆ ಪಕ್ಕದವರು.

ಶಾಲೆಯ ದಾಖಲಾತಿ ಪುಸ್ತಕಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಶಾಲೆಗೆ ಸೇರಿಸುವ ವಯಸ್ಸಿಗೆ ಹೊಂದುವಂತೆ ಮೇಷ್ಟರು ಬರೆದ ಹುಟ್ಟಿದ ದಿನಗಳು ಅವುಗಳಲ್ಲಿ ಹೇರಳವಾಗಿವೆ. ನಮ್ಮ ಮನೆಯಲ್ಲೇ ಮೂವರು ಜೂನ್ 1ರಂದು ಹುಟ್ಟಿದ್ದಾರೆ! ಆದರೆ ತಂದೆಯ ಕಸುಬು ಮತ್ತು ಹಿಂದಿನ ಊರು ಅವುಗಳಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಜನಗಣತಿಯಿಂದ ಏನಾದರೂ ಸಿಗಬಹುದೆಂದು ಕಾಯುವುದು ವ್ಯರ್ಥ, ಏಕೆಂದರೆ 1948ರ ಜನಗಣತಿ ಕಾಯ್ದೆಯು ಮನೆಮನೆಯ ವಿವರವನ್ನು ಯಾರಿಗೂ ತೋರಿಸಲು ಬಿಡುವುದಿಲ್ಲ.

ಪತ್ರಿಕೆಗಳಿಗೆ ನಾನು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಮರಣ ವಾರ್ತೆ ಸಿಗಬಹುದೆಂಬ ನಿರೀಕ್ಷೆ ಮೊದಲ ವಾರದಲ್ಲೇ ಹುಸಿಯಾಯಿತು. ಸಾಧಾರಣ ರೈತನ ಸಾವನ್ನು ಆಗ ಯಾವ ಪತ್ರಿಕೆಯೂ ಅಚ್ಚು ಹಾಕುತ್ತಿರಲಿಲ್ಲ. ನನಗೆ ಉಪಯೋಗವಾದದ್ದು ಕೋರ್ಟಿನ ನೋಟೀಸುಗಳು. ಗ್ರಂಥಾಲಯದಲ್ಲಿ ರಟ್ಟು ಕಟ್ಟಿಟ್ಟ ಸಂಪುಟಗಳನ್ನು ಪುಟ ಪುಟವಾಗಿ ತಿರುವಬೇಕಾದ್ದರಿಂದ ದಿನಾಂಕ ಗೊತ್ತಿಲ್ಲದೆ ಕುಳಿತರೆ ಕೆಲಸ ಸಾಗದು. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಪಡೆದ ಕ್ರಯಪತ್ರದ ನಕಲಿನಲ್ಲಿ ಒಂದು ದಾವೆಯ ಉಲ್ಲೇಖವಿತ್ತು, ಅದರ ಆಧಾರದ ಮೇಲೆ ಎರಡು ತಿಂಗಳ ಸಂಚಿಕೆಗಳನ್ನಷ್ಟೇ ನೋಡಿದೆ. ಒಂಬತ್ತನೆಯ ದಿನ ಸಂಜೆ, ಮೂರನೆಯ ಪುಟದ ಕೆಳಗೆ, ಪ್ರತಿವಾದಿಗಳ ಪಟ್ಟಿ ಕಂಡಿತು. ನಾಲ್ಕನೆಯವರು ಮುತ್ತಜ್ಜನ ಅತ್ತಿಗೆ. ಮನೆಯಲ್ಲಿ ಎಲ್ಲರೂ 'ದೊಡ್ಡಮ್ಮ' ಎಂದೇ ಕರೆಯುತ್ತಿದ್ದುದರಿಂದ ಆಕೆಯ ಹೆಸರು ಬದುಕಿರುವ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅದು ಗಂಡನ ಹೆಸರಿನ ಹಿಂದೆ, 'ಕೋಂ ಲೇಟ್' ಎಂಬ ಎರಡು ಪದಗಳ ಮುಂಚೆ, ಸ್ಪಷ್ಟವಾಗಿ ಅಚ್ಚಾಗಿತ್ತು.

ಮನೆಗೆ ಬಂದು ಪಾಲುಪತ್ರವನ್ನು ಮತ್ತೆ ತೆಗೆದೆ. ಕೊನೆಯಲ್ಲಿ ಮಸುಕಾದ ಹೆಬ್ಬೆಟ್ಟಿನ ಗುರುತೊಂದಿತ್ತು, ಅದರ ಪಕ್ಕದ ನಾಲ್ಕು ಅಕ್ಷರಗಳನ್ನು ನಾನು 'ಓದಲಾಗದು' ಎಂದು ಗುರುತು ಹಾಕಿಕೊಂಡಿದ್ದೆ. ಈಗ ಅವು ಓದಿಸಿಕೊಂಡವು.