ಮೊದಲು ದಾರಿಯನ್ನು ಅಳೆಯಿರಿ: ಮಲೆನಾಡಿಗೆ ಫೋರ್ ಬೈ ಫೋರ್ ವಾಹನ ಆರಿಸುವ ಕ್ರಮ

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಗೆ ಡಾಂಬರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿಯಿದೆ. ಅದರಲ್ಲಿ ಒಂದು ಹಳ್ಳ, ಎರಡು ಕಡಿದಾದ ಏರು, ಮತ್ತು ಹೊರೆ ಹೊತ್ತ ಪಿಕಪ್‌ಗಳು ವರ್ಷವರ್ಷವೂ ಕೊರೆದು ಆಳ ಮಾಡಿದ ಚಕ್ರದ ಜಾಡುಗಳಿವೆ. ಹಳೆಯ ಜೀಪನ್ನು ಕೊಟ್ಟು ಹೊಸ ವಾಹನ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾದ ಮೇಲೆ, ಜುಲೈ ತಿಂಗಳ ಒಂದು ಮಳೆಯ ದಿನ ನಾನು ಅಳತೆಯ ಟೇಪು ಹಾಗೂ ಅಡಿಕೆ ದಬ್ಬೆಯ ಕೋಲೊಂದನ್ನು ಹಿಡಿದು ಈ ದಾರಿಯನ್ನು ಪೂರ್ತಿ ನಡೆದೆ. ಹಳ್ಳದ ನಡುವೆ ಕೋಲು 45 ಸೆಂ.ಮೀ. ನೆನೆಯಿತು. ಎರಡು ಜಾಡುಗಳ ನಡುವಿನ ದಿಬ್ಬ ಒಂದು ಕಡೆ 19 ಸೆಂ.ಮೀ. ಎತ್ತರವಿತ್ತು. ಮೋರಿಯ ಮೇಲಿನ ಎರಡು ಕಲ್ಲುಗಂಬಗಳ ನಡುವೆ ಎರಡು ಮೀಟರ್‌ಗಿಂತ ತುಸುವೇ ಹೆಚ್ಚು ಜಾಗವಿತ್ತು. ಈ ಮೂರು ಅಂಕಿಗಳು ಕೈಗೆ ಬಂದ ಮೇಲೆ, ಅದುವರೆಗೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತಿದ್ದ ವಾಹನಗಳ ನಡುವಿನ ವ್ಯತ್ಯಾಸ ತಾನಾಗಿ ತಿಳಿಯತೊಡಗಿತು. ಆದ್ದರಿಂದ ಗಟ್ಟಿಮುಟ್ಟಾದ ಎಸ್‌ಯುವಿ ಕೊಳ್ಳಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಒಂದು ವಾಹನವನ್ನು ಇನ್ನೊಂದರೊಂದಿಗೆ ಹೋಲಿಸುವ ಮೊದಲು, ಪ್ರತಿಯೊಂದನ್ನೂ ನಿಮ್ಮ ದಾರಿಯೊಂದಿಗೆ ಹೋಲಿಸಿ ನೋಡಿ.

ದಾರಿಯ ಅಳತೆಯ ಜೊತೆಗೆ ಓಡಾಟದ ಲೆಕ್ಕವೂ ಬೇಕು. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಪ್ರತಿ ಓಡಾಟವನ್ನೂ ಬರೆದಿಡಿ: ಎಷ್ಟು ಕಿಲೋಮೀಟರ್, ಅದರಲ್ಲಿ ಮಣ್ಣಿನ ದಾರಿ ಎಷ್ಟು, ವಾಹನದಲ್ಲಿ ಎಷ್ಟು ಜನ, ಹೊರೆ ಏನು. ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 1,200 ಕಿ.ಮೀ. ಓಡಾಟವಾಯಿತು, ಮಣ್ಣಿನ ದಾರಿ 200 ಕಿ.ಮೀ. ಕೂಡ ದಾಟಲಿಲ್ಲ. ಅಂದರೆ ತೋಟಕ್ಕೆಂದು ಕೊಳ್ಳುವ ವಾಹನವೂ ತನ್ನ ಆಯುಷ್ಯದ ಬಹುಪಾಲನ್ನು ಡಾಂಬರಿನ ಮೇಲೆ, ಹಾಸನ ಮತ್ತು ಬೆಂಗಳೂರಿನ ಕಡೆಗೇ ಕಳೆಯುತ್ತದೆ. ಬೆಂಗಳೂರಿನಲ್ಲಿದ್ದು ವರ್ಷಕ್ಕೆ ಮೂರು ನಾಲ್ಕು ಬಾರಿ ಸಕಲೇಶಪುರದ ಹೋಂಸ್ಟೇಗೆ ಬಂದು ಹೋಗುವವರು ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿದರೆ, ಅನೇಕರಿಗೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗುವ ಫೋರ್ ಬೈ ಫೋರ್ ಬೇಕಾಗುವುದೇ ಇಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಹತ್ತಲು ಒಳ್ಳೆಯ ಟಯರು ಮತ್ತು ತಾಳ್ಮೆ ಇದ್ದರೆ ಸಾಮಾನ್ಯ ಕಾರೇ ಸಾಕು.

ಬೇಕೇ ಬೇಕು ಎನ್ನುವವರು ಮೊದಲು ಎರಡು ಜಾತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾದಂಥವು ಕಾರಿನಂತೆ ಒಂದೇ ಕವಚವಾಗಿ ಕಟ್ಟಿದವು. ರಸ್ತೆಯ ಮೇಲೆ ಹಗುರಾಗಿ, ಸುಖವಾಗಿ ಓಡುತ್ತವೆ. ಥಾರ್, ಜಿಮ್ನಿ, ಗೂರ್ಖಾ, ಸ್ಕಾರ್ಪಿಯೋ-ಎನ್, ಫಾರ್ಚೂನರ್ ಇವು ಲಾರಿಯಂತೆ ಚಾಸಿಯ ಮೇಲೆ ಕೂರಿಸಿದವು. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಬಂಡೆ ಏರಿದಾಗ ಆಗುವ ತಿರುಚನ್ನು ವರ್ಷಗಟ್ಟಲೆ ತಾಳಬಲ್ಲವು. ಮೊದಲ ಜಾತಿಯ ಕೆಲವು ವಾಹನಗಳಿಗೂ ನಾಲ್ಕು ಚಕ್ರಕ್ಕೆ ಶಕ್ತಿ ಕೊಡುವ ಆಲ್ ವ್ಹೀಲ್ ಡ್ರೈವ್ ಇರುತ್ತದೆ. ಒಂದು ಶೋರೂಮಿನಲ್ಲಿ ಮಾರಾಟಗಾರರು ನನಗೆ ಇದೂ ಫೋರ್ ಬೈ ಫೋರೂ ಒಂದೇ ಎಂದು ವಿವರಿಸಿದರು. ಅದು ತಪ್ಪು. ಒದ್ದೆ ರಸ್ತೆಯಲ್ಲಿ, ಹಗುರವಾದ ಕೆಸರಿನಲ್ಲಿ ಆಲ್ ವ್ಹೀಲ್ ಡ್ರೈವ್ ಚೆನ್ನಾಗಿಯೇ ನೆರವಾಗುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ವೇಗವನ್ನು ತಗ್ಗಿಸಿ ಎಳೆಯುವ ಬಲವನ್ನು ಹೆಚ್ಚಿಸುವ ಲೋ ಗೇರು ಇರುವುದಿಲ್ಲ, ಮತ್ತು ತೋಟದ ದಾರಿಯಲ್ಲಿ ನಿಜವಾದ ಕೆಲಸ ಮಾಡುವುದು ಆ ಲೋ ಗೇರೇ.

ಅದನ್ನು ನಾನು ಕಲಿತದ್ದು ನಮ್ಮ ಹಳೆಯ ಜೀಪಿನಲ್ಲಿ. ಕಾಫಿ ಮೂಟೆ ಹೇರಿಕೊಂಡು ಒದ್ದೆಯ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಒತ್ತಿದರೆ ಚಕ್ರ ನಿಂತು, ಕೊಳೆತ ಎಲೆಯ ಮೇಲೆ ಇಡೀ ಗಾಡಿ ಜಾರುತ್ತದೆ. ಸಣ್ಣ ಗೇರ್ ಲಿವರನ್ನು ಲೋಗೆ ಎಳೆದು, ಮೊದಲನೇ ಗೇರಿನಲ್ಲಿ ಬಿಟ್ಟು, ಕಾಲನ್ನು ಎಲ್ಲ ಪೆಡಲ್‌ಗಳಿಂದ ತೆಗೆದುಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು, ಮನುಷ್ಯನ ನಡಿಗೆಗಿಂತ ನಿಧಾನವಾಗಿ ಕೆಳಗಿಳಿಸುತ್ತದೆ. ಏರಿನಲ್ಲೂ ಹಾಗೆಯೇ: ಕ್ಲಚ್ಚು ಸುಡದೆ, ರಭಸ ಬೇಡದೆ, ಕಲ್ಲಿನಿಂದ ಕಲ್ಲಿಗೆ ಹತ್ತಬಹುದು. ಮೇಲೆ ಹೇಳಿದ ಐದು ವಾಹನಗಳ ಫೋರ್ ಬೈ ಫೋರ್ ಮಾದರಿಗಳಲ್ಲಿ ಈ ಲೋ ಗೇರು ಇದೆ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಥಾರ್, ಜಿಮ್ನಿಗಳಲ್ಲಿರುವ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಫೋರ್ ವ್ಹೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿದುಕೊಳ್ಳುತ್ತವೆ. ಒಣ ಡಾಂಬರಿನ ತಿರುವಿನಲ್ಲಿ ಹಾಗೆ ಓಡಿಸಿದರೆ ಗೇರ್‌ಗಳು ಒಂದನ್ನೊಂದು ತಿರುಚಿಕೊಂಡು ಸವೆಯುತ್ತವೆ. ಮಣ್ಣು, ಕೆಸರು, ಜಲ್ಲಿಯಂತಹ ಜಾರುವ ನೆಲಕ್ಕಷ್ಟೇ ಅದನ್ನು ಮೀಸಲಿಡಬೇಕು.

ಲೋ ಗೇರಿನ ನಂತರ ಕೇಳಬೇಕಾದದ್ದು ಡಿಫರೆನ್ಷಿಯಲ್ ಲಾಕ್. ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಎಂಜಿನ್ನಿನ ಶಕ್ತಿ ಸುಲಭವಾಗಿ ಸುತ್ತುವ ಆ ಚಕ್ರದಲ್ಲೇ ವ್ಯರ್ಥವಾಗಿ ಹೋಗುತ್ತದೆ, ನೆಲ ಹಿಡಿದಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಕೆಲವು ವಾಹನಗಳು ಸುತ್ತುವ ಚಕ್ರಕ್ಕೆ ತಾವಾಗಿ ಬ್ರೇಕ್ ಹಾಕಿ ಶಕ್ತಿಯನ್ನು ಇನ್ನೊಂದು ಕಡೆಗೆ ತಿರುಗಿಸುತ್ತವೆ. ಜಿಮ್ನಿ ಈ ಬಗೆಯದು. ಲಾಕ್ ಇರುವ ವಾಹನಗಳಲ್ಲಿ ಎರಡೂ ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುತ್ತವೆ. ಗೂರ್ಖಾದಲ್ಲಿ ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕ ಲಾಕ್ ಇದೆ, ಈ ಬೆಲೆಯಲ್ಲಿ ಅದು ಅಪರೂಪದ ಸಂಗತಿ. ಥಾರ್ ಕುಟುಂಬದಲ್ಲಿ ಹಿಂದಿನ ಲಾಕ್ ಎಲ್ಲ ವೇರಿಯಂಟ್‌ಗಳಿಗೂ ಬರುವುದಿಲ್ಲವಾದ್ದರಿಂದ, ನೀವು ಕೊಳ್ಳುವ ವೇರಿಯಂಟಿನಲ್ಲಿ ಇದೆಯೇ ಎಂಬುದನ್ನು ಬರವಣಿಗೆಯಲ್ಲಿ ನೋಡಿಯೇ ನಂಬಬೇಕು.

ನೆಲದಿಂದ ಎತ್ತರದ ಅಂಕಿಯನ್ನು ಎಲ್ಲರೂ ಕೇಳುತ್ತಾರೆ: ಮೂರು ಬಾಗಿಲಿನ ಥಾರ್ 226 ಮಿ.ಮೀ., ಜಿಮ್ನಿ 210, ಗೂರ್ಖಾ 233. ನಮ್ಮ 19 ಸೆಂ.ಮೀ. ದಿಬ್ಬವನ್ನು ಮೂರೂ ದಾಟುತ್ತವೆ, ಆದರೆ ಜಿಮ್ನಿಗೆ ಉಳಿಯುವುದು ಎರಡೇ ಸೆಂ.ಮೀ.; ನಾಲ್ಕು ಜನ ಕೂತು ಸ್ಪ್ರಿಂಗ್ ಕುಸಿದರೂ, ಟಯರು ಜಾಡಿನ ಕೆಸರಿನಲ್ಲಿ ಹೂತರೂ ಅದೂ ಇಲ್ಲವಾಗುತ್ತದೆ. ಇದಕ್ಕಿಂತ ಕಡಿಮೆ ಜನ ಕೇಳುವ, ಆದರೆ ಅಷ್ಟೇ ಮುಖ್ಯವಾದ ಅಂಕಿ ಎರಡು ಆಕ್ಸಲ್‌ಗಳ ನಡುವಿನ ಅಂತರ. ಮೂರು ಬಾಗಿಲಿನ ಥಾರ್‌ಗೆ ಇದು 2,450 ಮಿ.ಮೀ., ಐದು ಬಾಗಿಲಿನ ಜಿಮ್ನಿಗೆ 2,590, ಐದು ಬಾಗಿಲಿನ ಗೂರ್ಖಾಗೆ 2,825, ಥಾರ್‌ನ ಐದು ಬಾಗಿಲಿನ ರೂಪವಾದ ಥಾರ್ ರಾಕ್ಸ್‌ಗೆ 2,850. ಅಂತರ ಹೆಚ್ಚಿದಷ್ಟೂ ಹೆದ್ದಾರಿಯಲ್ಲಿ ಕುಲುಕು ಕಡಿಮೆ, ಹಿಂದಿನ ಸೀಟಿಗೆ ಜಾಗ ಹೆಚ್ಚು. ಅದೇ ಕಾರಣಕ್ಕೆ ಏರಿನ ನೆತ್ತಿಯನ್ನು ದಾಟುವಾಗ ಹೊಟ್ಟೆ ನೆಲಕ್ಕೆ ತಾಗುವ ಸಂಭವವೂ ಹೆಚ್ಚು, ಇಕ್ಕಟ್ಟಿನ ತಿರುವಿನಲ್ಲಿ ಒಮ್ಮೆ ಹಿಂದೆಮುಂದೆ ಮಾಡುವುದೂ ಅನಿವಾರ್ಯ. ಅಗಲದ ವಿಷಯದಲ್ಲಿ ಜಿಮ್ನಿ 1,645 ಮಿ.ಮೀ., ರಾಕ್ಸ್ 1,870. ಕನ್ನಡಿಗಳನ್ನು ಮಡಚದಿದ್ದರೆ ರಾಕ್ಸ್ ನಮ್ಮ ಮೋರಿಯ ಕಂಬಗಳ ನಡುವೆ ಹಾಯುತ್ತಿರಲಿಲ್ಲ.

ತೂಕವೂ ದೊಡ್ಡ ಮಾತೇ. ಜಿಮ್ನಿ ಸುಮಾರು 1,200 ಕೆ.ಜಿ. ತೂಗುತ್ತದೆ, ಥಾರ್ ಅದಕ್ಕಿಂತ ಐದು ಕ್ವಿಂಟಾಲ್‌ನಷ್ಟು ಭಾರ. ಮೆತ್ತನೆಯ ಕೆಸರಿನಲ್ಲಿ ಹಗುರವಾದದ್ದು ತೇಲಿದಂತೆ ಸಾಗುತ್ತದೆ, ಸಿಕ್ಕಿಬಿದ್ದರೂ ನಾಲ್ಕು ಜನ ತಳ್ಳಿ ಎತ್ತಬಹುದು. ಹೊರೆ ಎಳೆಯುವುದಾದರೆ ಲೆಕ್ಕ ತಿರುಗುತ್ತದೆ: ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ 134 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟರೆ, ಥಾರ್‌ನ 2.2 ಲೀಟರ್ ಡೀಸೆಲ್ 300, ಗೂರ್ಖಾದ 2.6 ಲೀಟರ್ ಡೀಸೆಲ್ 320 ಕೊಡುತ್ತವೆ. ಹಾಗೆಂದು ಡೀಸೆಲ್ಲನ್ನೇ ಕಣ್ಣುಮುಚ್ಚಿ ಆರಿಸಬಾರದು. 2020ರ ಏಪ್ರಿಲ್‌ನಿಂದ ಬಂದ, ಬಿಎಸ್6 ಎಂಬ ಹೊಗೆ ಮಿತಿಯ ನಿಯಮಕ್ಕೆ ಒಳಪಟ್ಟ ಡೀಸೆಲ್ ಎಂಜಿನ್‌ಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದು ಸುಡುವ ಶೋಧಕವೊಂದಿದೆ. ದಿನವೂ ತೋಟದೊಳಗೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ನಿಧಾನವಾಗಿ ಓಡಿಸಿ ನಿಲ್ಲಿಸುತ್ತಿದ್ದರೆ ಮಸಿ ಸುಡುವಷ್ಟು ಅದು ಬಿಸಿಯಾಗದೆ ಕಟ್ಟಿಕೊಳ್ಳುತ್ತದೆ. ಅಂಥವರು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಬೇಕು, ಇಲ್ಲವೇ ಪೆಟ್ರೋಲನ್ನೇ ಆರಿಸಬೇಕು.

ಹಳ್ಳ ದಾಟುವ ಆಳವಾಗಿ ಕಂಪನಿಗಳು ಥಾರ್‌ಗೆ 650 ಮಿ.ಮೀ., ಮೇಲ್ಮುಖ ಗಾಳಿ ಕೊಳವೆಯಿರುವ ಗೂರ್ಖಾಗೆ 700 ಮಿ.ಮೀ. ಎನ್ನುತ್ತವೆ. ಇದು ತಳ ಗಟ್ಟಿಯಿರುವ, ನಿಂತ ನೀರಿಗೆ ಸಲ್ಲುವ ಮಾತು. ಮಳೆಗಾಲದ ಹಳ್ಳಕ್ಕೆ ಸೆಳೆತವಿದೆ, ಎರಡು ಟನ್ ವಾಹನವನ್ನೂ ಅಡ್ಡಡ್ಡ ತಳ್ಳುವ ಬಲವಿದೆ. ಕಂಪನಿಯ ಅಂಕಿಯ ಮೂರನೇ ಎರಡು ಭಾಗವನ್ನಷ್ಟೇ ನನ್ನ ಮಿತಿಯೆಂದು ನಾನು ಇಟ್ಟುಕೊಂಡಿದ್ದೇನೆ. ಆ ಲೆಕ್ಕಕ್ಕೆ ನಮ್ಮ 45 ಸೆಂ.ಮೀ. ಥಾರ್‌ನ ಮಿತಿಯನ್ನು ತುಸು ಮೀರುತ್ತದೆ. ಆದ್ದರಿಂದ ಹಳ್ಳಕ್ಕೆ ಎರಡು ಸಾಲು ಕಲ್ಲು ಹಾಸಿಸಿ ತಳವನ್ನು ಎತ್ತರಿಸಿದೆವು. ದೊಡ್ಡ ವಾಹನ ಕೊಳ್ಳುವುದಕ್ಕಿಂತ ಅದು ಎಷ್ಟೋ ಅಗ್ಗವಾಯಿತು.

ಟಯರಿನ ಮಾತು ಚಿಕ್ಕದು. ಹೆದ್ದಾರಿ ಟಯರಿನ ಫೋರ್ ಬೈ ಫೋರ್‌ಗಿಂತ, ಆಲ್ ಟೆರೇನ್ ಟಯರು ಹಾಕಿದ ಟೂ ವ್ಹೀಲ್ ಜೀಪು ಕೆಸರಿನಲ್ಲಿ ಮುಂದೆ ಹೋದದ್ದನ್ನು ನಾನೇ ನೋಡಿದ್ದೇನೆ. ಟಯರಿಗೆಂದು ಹಣ ಮೊದಲೇ ಎತ್ತಿಡಿ.

ಮನೆಮಂದಿಯ ಪರೀಕ್ಷೆಯನ್ನು ಕಾಗದದ ಮೇಲೆ ಮಾಡಲಾಗದು. ಎಪ್ಪತ್ತು ದಾಟಿದ, ಮಂಡಿನೋವಿರುವ ಅಮ್ಮನನ್ನು ನಾನು ಪ್ರತಿ ಶೋರೂಮಿಗೂ ಕರೆದೊಯ್ದೆ. ಮೂರು ಬಾಗಿಲಿನ ಥಾರ್‌ನಲ್ಲಿ ಮುಂದಿನ ಎಡ ಸೀಟನ್ನು ಸರಿಸಿ, ಅದರ ಸಂದಿಯಿಂದ ಹಿಂದಕ್ಕೆ ಹೋಗಬೇಕು. ಅಮ್ಮ ಒಂದು ಕಾಲನ್ನು ಮೇಲಿಟ್ಟು, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಗೆ ಆಸರೆ ಹುಡುಕಿ, ಕೊನೆಗೆ ಕೆಳಗಿಳಿದು ಬಂದರು. ಜಿಮ್ನಿಯ ಹಿಂದಿನ ಬಾಗಿಲು ಕಿರಿದಾದರೂ ಎತ್ತರ ಕಡಿಮೆಯಾದ್ದರಿಂದ ಸಲೀಸಾಗಿ ಕೂತರು, ಆದರೆ ಅದು ನಾಲ್ಕೇ ಜನರ ವಾಹನ, ಹಿಂದೆ ಸಾಮಾನಿಗೆ ಉಳಿಯುವ ಜಾಗ 208 ಲೀಟರ್ ಮಾತ್ರ. ಐದು ಜನರ ನಮ್ಮ ಮನೆಗೆ ಈ ಎರಡೂ ಪಟ್ಟಿಯಿಂದ ಹೊರಬಿದ್ದದ್ದು ಅಲ್ಲಿಯೇ. ಒಬ್ಬರೋ ಇಬ್ಬರೋ ತೋಟ ಸುತ್ತುವ ಮನೆಯಾಗಿದ್ದರೆ ನಾನು ಜಿಮ್ನಿಯನ್ನೇ ಆರಿಸುತ್ತಿದ್ದೆ.

ವಾಹನವನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಎನ್‌ಕ್ಯಾಪ್‌ಗಳು ಕೊಡುವ ಸುರಕ್ಷತೆಯ ತಾರೆಗಳನ್ನೂ ವೇರಿಯಂಟ್ ಸಮೇತ ನೋಡಬೇಕು. ಮೂರು ಬಾಗಿಲಿನ ಥಾರ್ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಿಂದ ನಾಲ್ಕು ತಾರೆ, ಸ್ಕಾರ್ಪಿಯೋ-ಎನ್ 2022ರಲ್ಲಿ ಐದು ತಾರೆ, ರಾಕ್ಸ್ 2024ರಲ್ಲಿ ಭಾರತ್ ಎನ್‌ಕ್ಯಾಪ್‌ನಿಂದ ಐದು ತಾರೆ ಪಡೆದಿವೆ. ಬೇರೆ ಬೇರೆ ವರ್ಷದ, ಬೇರೆ ಸಂಸ್ಥೆಯ ಪರೀಕ್ಷೆಗಳ ತಾರೆಗಳನ್ನು ನೇರವಾಗಿ ತೂಗಿ ನೋಡುವುದು ಸರಿಯಲ್ಲ.

ಬೆಲೆಯಲ್ಲಿ ತೆರಿಗೆಯ ಪಾಲು ಎಷ್ಟೆಂದು ತಿಳಿದರೆ ಕೆಲವು ಗೊಂದಲಗಳು ಬಿಡುತ್ತವೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ, ಉದ್ದ 4,000 ಮಿ.ಮೀ. ಮೀರದ ಹಾಗೂ ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಕಾರುಗಳಿಗೆ ಶೇ 18, ಇದಕ್ಕಿಂತ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ 40. ಮೂರು ಬಾಗಿಲಿನ ಥಾರ್‌ನ ಉದ್ದ 3,985 ಮಿ.ಮೀ.; 1.5 ಲೀಟರ್ ಡೀಸೆಲ್ಲಿನ ಹಿಂಚಕ್ರ ಚಾಲನೆಯ ಮಾದರಿ ಮೊದಲ ಗುಂಪಿಗೆ ಸೇರುತ್ತದೆ, ಫೋರ್ ಬೈ ಫೋರ್ ಎರಡನೆಯದಕ್ಕೆ. ಎರಡರ ಬೆಲೆಯ ಅಂತರ ನೋಡಿ ಅನೇಕರು ಹಿಂಚಕ್ರದ ಥಾರ್ ತಂದುಬಿಡುತ್ತಾರೆ. ನೋಟ ಒಂದೇ, ಆದರೆ ಹೊರೆಯಿಲ್ಲದ ಹಿಂಚಕ್ರ ಕೆಸರಿನ ಏರಿನಲ್ಲಿ ನಿಂತಲ್ಲೇ ಸುತ್ತುತ್ತದೆ. ಇದರ ಮೇಲೆ ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ 10ರಿಂದ 20 ಲಕ್ಷದ ವಾಹನಕ್ಕೆ ಶೇ 17, ಅದನ್ನು ಮೀರಿದರೆ ಶೇ 18, ಜೊತೆಗೆ ಉಪಕರ. ಬಿಡದಿಯಲ್ಲೇ ತಯಾರಾಗುವ ಫಾರ್ಚೂನರ್‌ಗೂ ಇದರಲ್ಲಿ ರಿಯಾಯಿತಿಯಿಲ್ಲ. ಹೋಲಿಕೆಯನ್ನು ಆನ್ ರೋಡ್ ಬೆಲೆಯ ಲಿಖಿತ ಲೆಕ್ಕದಲ್ಲೇ ಮಾಡಿ.

ಅಗ್ಗದ್ದನ್ನು ತಂದು ಆಮೇಲೆ ಎತ್ತರಿಸಿಕೊಳ್ಳೋಣ ಎಂಬ ಲೆಕ್ಕ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ, ಮುಂದೆ ಕಬ್ಬಿಣದ ಬುಲ್ ಬಾರ್ ಹಾಕುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ತಡೆದಿದೆ. ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾದೀತು.

ಸರ್ವಿಸ್ ಕೇಂದ್ರದ ದೂರವನ್ನು ನಾನು ಬೆಲೆಯಷ್ಟೇ ಗಂಭೀರವಾಗಿ ತೂಗಿದೆ. ಗೂರ್ಖಾದ ಕಸುವನ್ನು ಮೆಚ್ಚಿಯೂ ನಾವು ಥಾರ್ ರಾಕ್ಸ್‌ನ ಡೀಸೆಲ್ ಫೋರ್ ಬೈ ಫೋರ್ ಕಡೆ ವಾಲಿದ್ದು ಚಿಕ್ಕಮಗಳೂರಿನಲ್ಲಿ ಬಿಡಿಭಾಗ ಸಿಗುವ ಭರವಸೆಗೆ ಮತ್ತು ಅಮ್ಮ ಹತ್ತಿ ಇಳಿಯುವ ಸುಲಭಕ್ಕೆ. ನಿಮ್ಮ ಊರಿನ ಮೆಕ್ಯಾನಿಕ್‌ಗಳನ್ನು ಕೇಳಿ. ಯಾವ ವಾಹನದ ಯಾವ ಭಾಗಕ್ಕೆ ಎಷ್ಟು ದಿನ ಕಾಯಬೇಕಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಹೆಚ್ಚಾಗಿ ಟೂ ವ್ಹೀಲ್ ಮಾದರಿಯನ್ನೇ ಕೊಡುತ್ತಾರೆ. ನೀವು ಕೊಳ್ಳಲಿರುವ ಎಂಜಿನ್, ಗೇರ್ ಹಾಗೂ ಫೋರ್ ಬೈ ಫೋರ್ ಇರುವ ಗಾಡಿಯೇ ಬರುವವರೆಗೆ ಕಾಯಿರಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಬುಕ್ಕಿಂಗ್ ರಸೀದಿಯಲ್ಲಿ ವೇರಿಯಂಟಿನ ಪೂರ್ತಿ ಹೆಸರು ಬರೆಸಿಕೊಳ್ಳಿ. ಡೆಲಿವರಿಯ ದಿನ ಸಹಿ ಹಾಕುವ ಮೊದಲು, ಮಣ್ಣಿನ ನೆಲದ ಮೇಲೆ ನಿಲ್ಲಿಸಿ ಲೋ ಗೇರು ಹಾಕಿ; ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹೊತ್ತಿ, ಹತ್ತು ಮೀಟರ್ ಮುಂದೆ, ಹತ್ತು ಮೀಟರ್ ಹಿಂದೆ ಓಡಿ, ಮತ್ತೆ ಟೂ ವ್ಹೀಲ್‌ಗೆ ಸದ್ದಿಲ್ಲದೆ ಮರಳಿದರೆ ಮಾತ್ರ ಸಹಿ ಹಾಕಿ.